ಪರ್ಕಳದ ಏರಿನಲ್ಲಿ ಕಲ್ನಾರಿನ ಮಾತು

ಮಲ್ಪೆಯ ಕಡಲಂಚಿನಿಂದ ಹೊರಟು, ಉಡುಪಿ ಮಣಿಪಾಲಗಳನ್ನು ಹಾದು, ಆಗುಂಬೆಯ ಘಟ್ಟವನ್ನೇರಿ ತೀರ್ಥಹಳ್ಳಿಯನ್ನು ಸೇರುವ ಹೆದ್ದಾರಿಯಲ್ಲಿ, ಮಣಿಪಾಲವನ್ನು ದಾಟಿದೊಡನೆ ಎದುರಾಗುವ ಪೇಟೆಯೇ ಪರ್ಕಳ. ಪ್ರವಾಸಿಗಳು ಇಲ್ಲಿ ಇಳಿಯುವುದು ಕಡಮೆ. ಕೃಷ್ಣಮಠವನ್ನು ಕಂಡವರು ಕಡಲಿಗೆ ಹೋಗುತ್ತಾರೆ. ಘಟ್ಟಕ್ಕೆ ಹೊರಟವರು ಬಸ್ಸಿನ ಕಿಟಕಿಯಿಂದಲೇ ಪರ್ಕಳವನ್ನು ನೋಡಿ ಮುಗಿಸುತ್ತಾರೆ. ಆದರೆ ಏರು-ತಗ್ಗುಗಳ ಈ ಊರನ್ನು ನಡೆದೇ ನೋಡಬೇಕು. ಮೇಲೆ ಮುರಕಲ್ಲಿನ ಗುಡ್ಡ, ಕೆಳಗೆ ತೆಂಗು-ಕಂಗುಗಳ ನಡುವೆ ಹಸುರು ಗದ್ದೆಗಳ ಬೈಲು, ಉತ್ತರದ ಕಡೆ ಸ್ವರ್ಣಾ ನದಿ. ಉಡುಪಿಯ ನಲ್ಲಿಗಳಿಗೆ ನೀರೊದಗಿಸುವ ಬಜೆಯ ಅಣೆಕಟ್ಟು ಇದೇ ನದಿಯ ಮೇಲಿದೆ.

ಇಳಿಜಾರಿನ ಕೆಳಗಿರುವ ಮನೆಗಳನ್ನು ರಸ್ತೆಯ ಮೇಲಿನಿಂದ ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಮಾಡುಗಳೇ. ಹಾವಸೆ ಹಿಡಿದು ಕಪ್ಪಾದ ಮಂಗಳೂರು ಹಂಚು ಒಂದೆಡೆ. ಹಟ್ಟಿಗೂ ಅಂಗಡಿಯ ಹಿಂಬದಿಗೂ ಹೊದಿಸಿದ ಬೂದಿ ಬಣ್ಣದ ಅಲೆಯಲೆಯ ಶೀಟು ಇನ್ನೊಂದೆಡೆ. ಜನ ‘ಶೀಟು’ ಎಂದು ಕರೆಯುವ ಈ ಹೊದಿಕೆಯಲ್ಲಿ ಸಿಮೆಂಟಿನೊಡನೆ ಬೆರೆತಿರುವುದು ಆಸ್ಬೆಸ್ಟಾಸ್. ಕನ್ನಡದಲ್ಲಿ ಇದಕ್ಕೆ ಕಲ್ನಾರು ಎಂಬ ಸೊಗಸಾದ ಹೆಸರುಂಟು. ಕಲ್ಲಿನಂತೆ ಬೆಂಕಿಗೆ ಬಗ್ಗದು, ನಾರಿನಂತೆ ಎಳೆಯೆಳೆಯಾಗಿ ಬಿಡಿಸಿಕೊಳ್ಳುತ್ತದೆ. ಅದರ ಗುಣವೂ ಇದೇ, ಕೇಡೂ ಇದೇ.

ಶೀಟಿನಿಂದ ಹಡಗಿಗೆ ಹಾರುವುದು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಪರ್ಕಳದಿಂದ ಕಡಲಿಗೆ ಹನ್ನೆರಡು ಹದಿಮೂರು ಕಿಲೋಮೀಟರು ಮಾತ್ರ. ಕರಾವಳಿಯ ತರುಣರು ಹಡಗು ಹತ್ತುವುದು ಹೊಸ ಸಂಗತಿಯೇನೂ ಅಲ್ಲ. ಅಲ್ಲದೆ ನಮ್ಮ ನಾಡಿನ ಹೆಸರನ್ನೇ ಹೊತ್ತ ಯುದ್ಧನೌಕೆಯೊಂದಿತ್ತು. ಬ್ರಿಟಿಷರು 1939ರಲ್ಲಿ ನೀರಿಗಿಳಿಸಿದ ‘ನೈಜೀರಿಯಾ’ ಎಂಬ ಕ್ರೂಸರನ್ನು ಭಾರತ ಕೊಂಡು, ದುರಸ್ತಿ ಮಾಡಿಸಿ, 1957ರ ಆಗಸ್ಟಿನಲ್ಲಿ ‘ಐ.ಎನ್.ಎಸ್. ಮೈಸೂರು’ ಎಂದು ನಾಮಕರಣ ಮಾಡಿತು. ಗಂಡಭೇರುಂಡವೇ ಅದರ ಲಾಂಛನ. 1961ರ ಡಿಸೆಂಬರಿನಲ್ಲಿ, ಕಾರವಾರದ ದಂಡೆಯಿಂದ ಕಣ್ಣಳತೆಯ ದೂರದಲ್ಲಿರುವ ಅಂಜದೀವ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳುವ ಕಾರ್ಯಾಚರಣೆಯಲ್ಲಿ ಈ ನೌಕೆಯೂ ಪಾಲುಗೊಂಡಿತು. ಆ ದಿನ ಏಳು ಮಂದಿ ನಾವಿಕರು ಮಡಿದರು. 1971ರ ಯುದ್ಧದಲ್ಲಿ ಇದೇ ಪಶ್ಚಿಮ ನೌಕಾದಳದ ಧ್ವಜನೌಕೆ. 1985ರಲ್ಲಿ ಸೇವೆಯಿಂದ ನಿವೃತ್ತವಾಯಿತು.

ಆ ಕಾಲದ ದೊಡ್ಡ ಬ್ರಿಟಿಷ್ ಯುದ್ಧನೌಕೆಗಳು ಉಗಿಯ ಬಲದಿಂದ ಓಡುತ್ತಿದ್ದವು. ಬಾಯ್ಲರು, ಟರ್ಬೈನು, ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದ ಉಗಿಕೊಳವೆ, ಇವೆಲ್ಲಕ್ಕೂ ಕಲ್ನಾರಿನ ಹೊದಿಕೆ. ಅದಿಲ್ಲದಿದ್ದರೆ ಬಾಯ್ಲರು ಕೋಣೆಯಲ್ಲಿ ಮನುಷ್ಯ ನಿಲ್ಲುವಂತೆಯೇ ಇರಲಿಲ್ಲ. ಬೆಂಕಿ ಹಡಗಿನಲ್ಲೆಲ್ಲ ಹಬ್ಬುವ ಭಯವೂ ಇತ್ತು. ಹಡಗು ಕಟ್ಟಿದವರು ನಾವಿಕನನ್ನು ಕಾಪಾಡಲೆಂದೇ ಅದನ್ನು ಹಾಕಿದರೆಂಬುದನ್ನು ಒಪ್ಪಬೇಕು. ಆದರೆ ಕೊಳವೆ ಸೋರಿದಾಗ ಹೊದಿಕೆಯನ್ನು ಕಿತ್ತು ತೆಗೆಯಬೇಕು. ಮುಗಿದ ಮೇಲೆ ಹೊಸ ಹಿಟ್ಟನ್ನು ಕಲಸಿ ಮೆತ್ತಬೇಕು. ಕಿಟಕಿಯಿಲ್ಲದ ಆ ಉಕ್ಕಿನ ಗೂಡಿನಲ್ಲಿ ಎದ್ದ ಧೂಳು ಹೋಗುವುದಾದರೂ ಎಲ್ಲಿಗೆ? ಕೆಲಸ ಮಾಡಿದವನ ಎದೆಗೆ ಹೋಯಿತು, ಪಕ್ಕದಲ್ಲಿ ಸುಮ್ಮನೆ ನಿಂತವನ ಎದೆಗೂ ಹೋಯಿತು. ಧೂಳು ಹಿಡಿದ ಬಟ್ಟೆಯನ್ನು ಮನೆಯಲ್ಲಿ ಒಗೆದ ಹೆಂಡಿರೂ ಇದೇ ರೋಗಕ್ಕೆ ತುತ್ತಾದ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿವೆ. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಈ ಎಳೆಗಳು ಕೂದಲಿಗಿಂತ ಎಷ್ಟೋ ಪಾಲು ತೆಳು. ಶ್ವಾಸಕೋಶದ ಆಳಕ್ಕಿಳಿದ ಮೇಲೆ ಕರಗುವುದಿಲ್ಲ, ಹೊರಕ್ಕೂ ಬರುವುದಿಲ್ಲ. ಶ್ವಾಸಕೋಶ ಗಡಸಾಗುವುದು ಒಂದು ಬಗೆ, ಅರ್ಬುದ ಇನ್ನೊಂದು. ಶ್ವಾಸಕೋಶವನ್ನು ಹೊದ್ದ ತೆಳ್ಪೊರೆಗೆ ತಗಲುವ ಮೆಸೊಥೀಲಿಯೋಮ ಎಲ್ಲಕ್ಕಿಂತ ಕ್ರೂರ. ದಕ್ಷಿಣ ಆಫ್ರಿಕದ ಗಣಿ ಸೀಮೆಯ 33 ರೋಗಿಗಳನ್ನು ಕುರಿತು ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ಬರೆದ ಲೇಖನದಿಂದ ಈ ರೋಗಕ್ಕೂ ಕಲ್ನಾರಿಗೂ ಇರುವ ನಂಟು ಜಗತ್ತಿಗೆ ತಿಳಿಯಿತು. ಇಂಗ್ಲೆಂಡಿನ ಡೆವನ್‌ಪೋರ್ಟ್ ನೌಕಾ ಕಟ್ಟೆಯ ವೈದ್ಯ ಹ್ಯಾರಿಸ್, ಹಡಗುಗಳ ದುರಸ್ತಿಯಲ್ಲಿ ಏಳುವ ಈ ಧೂಳಿನ ಅಪಾಯವನ್ನು 1968ರಲ್ಲಿ ಬರೆದು ತೋರಿಸಿದರು. ‘ಮೈಸೂರು’ ಆಗಲೂ ಕಡಲಿನಲ್ಲೇ ಇತ್ತು.

ರೋಗ ತಲೆಯೆತ್ತುವುದಕ್ಕೆ ಇಪ್ಪತ್ತರಿಂದ ಐವತ್ತು ವರ್ಷ ಹಿಡಿಯಬಹುದು. ಲೆಕ್ಕ ಹಾಕಿ ನೋಡಿ: 1985ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ನಾವಿಕ 2025ಕ್ಕೆ ಅರವತ್ತರ ವೃದ್ಧ. ಅವನ ಐವತ್ತು ವರ್ಷದ ಗಡುವು ಮುಗಿಯುವುದು 2035ರಲ್ಲಿ. ನಡುವೆ ಒಂದು ದಿನ ಪರ್ಕಳದಂಥ ಏರನ್ನು ಹತ್ತುವಾಗ ಅವನಿಗೆ ಏದುಸಿರು ಬಂದೀತು. ‘ವಯಸ್ಸಾಯಿತು’ ಎಂದು ಮನೆಯವರೆನ್ನುತ್ತಾರೆ. ‘ಬೀಡಿ ಸೇದಿದ್ದು’ ಎಂದು ನೆರೆಯವರು. ಬೀಡಿಯದೂ ತಪ್ಪಿಲ್ಲವೆಂದಲ್ಲ: ಕಲ್ನಾರಿನ ಧೂಳೂ ಹೊಗೆಯೂ ಕೂಡಿದರೆ ಶ್ವಾಸಕೋಶದ ಅರ್ಬುದದ ಭಯ ಬಹುಪಾಲು ಹೆಚ್ಚುತ್ತದೆ. ಆದರೆ ನಲವತ್ತು ವರ್ಷದ ಹಿಂದೆ ಯಾವ ಹಡಗಿನ ಯಾವ ಕೋಣೆಯಲ್ಲಿ ಕೆಲಸಕ್ಕಿದ್ದಿರಿ ಎಂದು ವೈದ್ಯರು ಕೇಳದಿದ್ದರೆ, ರೋಗಿ ತಾನಾಗಿ ಹೇಳುವ ಮಾತಲ್ಲ ಅದು. ಇಲ್ಲಿಂದ ಕೂಗಳತೆಯ ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಮನೆಯಲ್ಲಿ ಹಳೆಯ ನಾವಿಕರಿದ್ದವರು ವೈದ್ಯರ ಬಳಿಗೆ ಹೋಗುವಾಗ ಅವರ ಸೇವಾಪುಸ್ತಕವನ್ನೂ ಜೊತೆಗೆ ಒಯ್ಯುವುದು ಲೇಸು.

ಬ್ರಿಟನ್ನಿನಲ್ಲಿಯೂ ನ್ಯಾಯ ತಡವಾಗಿಯೇ ಬಂದಿತು. 1987ಕ್ಕೆ ಮುಂಚೆ ಧೂಳು ಕುಡಿದ ಸೈನಿಕರು ಸರಕಾರದ ಮೇಲೆ ದಾವೆ ಹೂಡುವಂತಿರಲಿಲ್ಲ. ಕಡೆಗೆ 2016ರಲ್ಲಿ, ಮೆಸೊಥೀಲಿಯೋಮಕ್ಕೆ ತುತ್ತಾದ ಮಾಜಿ ಸೈನಿಕರಿಗೆ 1,40,000 ಪೌಂಡುಗಳ ಇಡಿಗಂಟನ್ನು ತೆಗೆದುಕೊಳ್ಳುವ ಅವಕಾಶವನ್ನು ಅಲ್ಲಿಯ ಸರಕಾರ ಎಲ್ಲರಿಗೂ ವಿಸ್ತರಿಸಿತು. ನಮ್ಮ ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ, ಕಲ್ನಾರಿನ ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯತನಕ ಇಟ್ಟಿರಬೇಕೆಂದು ವಿಧಿಸಿತು. ಕಾರ್ಖಾನೆಯವನಿಗೆ ಸಲ್ಲುವ ಈ ಲೆಕ್ಕ ಬಾಯ್ಲರು ಕೋಣೆಯವನಿಗೂ ಸಲ್ಲಬೇಡವೆ?

ಪೇಟೆಯಲ್ಲಿ ನಿಂತಿದ್ದಾಗ, ಮಳೆಗಾಲಕ್ಕೆ ಮುಂಚೆ ಮಾಡು ರಿಪೇರಿಗೆ ಹತ್ತಿದವರು ಒಡೆದ ಶೀಟೊಂದನ್ನು ಕೆಳಕ್ಕೆಸೆಯುತ್ತಿದ್ದರು. ಶೀಟು ಇಡಿಯಾಗಿರುವ ತನಕ ಎಳೆಗಳು ಸಿಮೆಂಟಿನಲ್ಲಿ ಬಂದಿಯಾಗಿರುತ್ತವೆ. ಒಡೆದಾಗ, ಗರಗಸ ಹಾಕಿದಾಗ ಬಿಡುಗಡೆಯಾಗುತ್ತವೆ. ನೀರು ಚಿಮುಕಿಸಿ ತೆಗೆಯಿರಿ, ಒಣಗಿದ್ದನ್ನು ಗುಡಿಸಬೇಡಿ ಎಂದು ಹೇಳಿದೆ. ಏಣಿ ಹಿಡಿದಿದ್ದ ಹುಡುಗ ನಕ್ಕನಾದರೂ ಒಂದು ಕೊಡ ನೀರು ತಂದನು. ಅಷ್ಟರಲ್ಲಿ ಹಿರಿಯಡ್ಕದ ಬಸ್ಸು ಬಂದಿತು.