ಕಾಗೆ ಕಾಲು ಗುಬ್ಬಿ ಕಾಲು

ಮೊನ್ನೆ ಶಿಕಾರಿಪುರಕ್ಕೆ ಮೆಕ್ಕೆಜೋಳ ಹೇರುವಾಗ 37 ಚೀಲ, ಒಂದೊಂದು 60 ಕೆಜಿ ಅಂದೆ. ಮೂರನೇ ಕ್ಲಾಸಿನ ಮೊಮ್ಮಗ ನಿಂತಲ್ಲೇ "22 ಕ್ವಿಂಟಾಲ್ 20 ಕೆಜಿ ಅಜ್ಜ" ಅಂದ. ಅದನ್ನೇ ಬರಿ ಅಂದ್ರೆ ಕಾಗೆ ಕಾಲು ಗುಬ್ಬಿ ಕಾಲು. ಅಂಗಿ ಗುಂಡಿ ಹಾಕೋಕೂ ಒದ್ದಾಡ್ತಾನೆ.

ಶಾಲೇಲಿ ಸೋಮಾರಿ ಅಂದ್ರು. ನಾನೂ ಒಂದು ಏಟು ಕೊಟ್ಟಿದ್ದೆ, ಸುಳ್ಳು ಹೇಳಲ್ಲ. ಸೊರಬದಲ್ಲಿ ಟೀಚರ್ ಆಗಿರೋ ತಂಗಿ ಮಗಳು ನೋಡಿ, ಮೊದ್ಲು ಡಾಕ್ಟರಿಗೆ ತೋರಿಸಿ ಮಾವ ಅಂದ್ಲು. ತೋರಿಸಿದ್ವಿ. ಡಿಸ್‌ಗ್ರಾಫಿಯಾ ಅಂತೆ, ಬುದ್ಧಿ ಕಮ್ಮಿ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ಸರ್ಟಿಫಿಕೇಟ್ ಇದ್ರೆ ಎಸ್ಸೆಸ್ಸೆಲ್ಸಿಗೆ ಹೆಚ್ಚು ಸಮಯ ಕೇಳಬಹುದು, ಬರೆದುಕೊಡೋರನ್ನೂ ಕೇಳಬಹುದು.

ಈಗ ಸಂಜೆ ಅವರೆಕಾಳು ಹಿಸುಕ್ತಾನೆ, ಬೆರಳಿಗೆ ಬಲ ಬರಲಿ ಅಂತ. ಮೊರದಲ್ಲಿ ಅಕ್ಕಿ ಹರಡಿ ಅಕ್ಷರ ತಿದ್ದುತಾನೆ. ಕೂಲಿ ಲೆಕ್ಕ ಅವನು ಹೇಳ್ತಾನೆ, ನಾನು ಬರಿತೀನಿ. ನಿನ್ನೆ ಇಣುಕಿ ನೋಡಿ "ಅಜ್ಜ, ನಿನ್ನ ಮೂರೂ ನೆಟ್ಟಗಿಲ್ಲ" ಅಂದ.