ಮೊಳೆ ಹೊಡೆಯೋ ಹಾಗಿಲ್ಲ

ಅಮ್ಮನ ಹಳೇ ನೋಕಿಯಾ 1100ರಲ್ಲಿ 2ನೇ ಗುಂಡಿ ಒತ್ತಿ ಹಿಡಿದರೆ ಸಾಕು, ನನಗೆ ಕಾಲ್ ಬರ್ತಿತ್ತು. ಕನ್ನಡಕವೂ ಬೇಕಿರಲಿಲ್ಲ. ದೀಪಾವಳಿಗೆ ಸ್ಮಾರ್ಟ್‌ಫೋನ್ ಕೊಡಿಸಿದೆ. ಹೋಮ್ ಸ್ಕ್ರೀನ್ ತುಂಬಾ ನನ್ನ ಫೋಟೋ ಇರೋ ಒಂದೇ ಬಟನ್ ಇಡೋಣ ಅಂತ ಕೂತರೆ, ಐಕಾನ್ ದೊಡ್ಡದಾಗಲ್ಲ, ಕೆಳಗಿನ ಸರ್ಚ್ ಪಟ್ಟಿ ಜಪ್ಪಯ್ಯ ಅಂದ್ರೂ ಜಾಗ ಬಿಡಲ್ಲ. ಫಾಂಟ್ ಹಿಗ್ಗಿಸಿದರೆ ನನ್ನ ಹೆಸರೇ ಅರ್ಧಕ್ಕೆ ತುಂಡಾಗಿ ಮೂರು ಚುಕ್ಕಿ. ಬೇರೆ ಲಾಂಚರ್ ಹಾಕಿದೆ. ಅಪ್‌ಡೇಟ್ ಆದಮೇಲೆ ಮತ್ತೆ ಹಳೇ ಕಥೆ. ದುಡ್ಡು ಕೊಟ್ಟು ಕೊಂಡಿದ್ದರೂ ಬೆಂಗಳೂರಿನ ಬಾಡಿಗೆ ಮನೆ ಥರ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ.

ಮೊನ್ನೆ ರಾತ್ರಿ ಅಮ್ಮನಿಗೆ ತಲೆ ಸುತ್ತು ಬಂದಿತ್ತಂತೆ. ನನಗೆ ಗೊತ್ತಾಗಿದ್ದು ಬೆಳಿಗ್ಗೆ.

"ಫೋನ್ ಮಾಡೋದಲ್ವಾ?"

"ನಿನ್ನ ಎಲ್ಲಿಟ್ಟಿದೀಯೋ, ಸಿಗಲಿಲ್ಲ ಕಣೋ."

ಈಗ ಆ ಹಳೇ ನೋಕಿಯಾಗೆ ಬಿಎಲ್-5ಸಿ ಬ್ಯಾಟರಿ ಹುಡುಕ್ತಾ ಇದೀನಿ.