ದಾಡಿಗೆ ಮುಂಚಿನ ಮೂರು ನಿಮಿಷ

ಬ್ಲೇಡು ಮುಟ್ಟೋಕೆ ಮುಂಚೆ ಗಡ್ಡಕ್ಕೆ ಎಷ್ಟು ತಯಾರಿ ಬೇಕು? ನಮ್ಮ ಆಫೀಸಿನಲ್ಲಿ ಇದಕ್ಕೆ ಎರಡು ಪಕ್ಷ ಇವೆ. ಒಂಬತ್ತೂವರೆ ಮೀಟಿಂಗಿಗೆ ಒಂಬತ್ತು ಇಪ್ಪತ್ತಕ್ಕೆ ಎದ್ದು, ಮುಖಕ್ಕೆ ಫೋಮ್ ಬಳಿದು ನಾಲ್ಕು ಎಳೆತಕ್ಕೆ ಮುಗಿಸೋರು ಒಂದು ಕಡೆ. ಪ್ರೀ-ಶೇವ್ ಎಣ್ಣೆ, ಸ್ಕ್ರಬ್, ಬಿಸಿ ಟವೆಲ್, ದುಬಾರಿ ಬ್ರಷ್ ಅಂತ ಅರ್ಧ ಗಂಟೆ ಬಾತ್‌ರೂಮು ಹಿಡಿಯೋರು ಇನ್ನೊಂದು ಕಡೆ. ನನಗೆ ಇದರ ಸರಿಯಾದ ಲೆಕ್ಕ ಸಿಕ್ಕಿದ್ದು ಬೆಂಗಳೂರಿನಲ್ಲಲ್ಲ, ಹಿರೋಳ್ಳಿಯಲ್ಲಿ.

ಹಿರೋಳ್ಳಿ ಇರೋದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಅಂಚಿನಲ್ಲಿ. ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಪಡುವಣಕ್ಕೆ ಹೊರಟರೆ ಹಿರೋಳ್ಳಿ. ಅದನ್ನು ದಾಟಿದರೆ ವಾಗ್ದರಿ, ಅಕ್ಕಲಕೋಟೆ, ಅಂದರೆ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆ. ಗಡಿ ಚೆಕ್‌ಪೋಸ್ಟಿನ ಸುದ್ದಿಯಲ್ಲಿ ಈ ಊರಿನ ಹೆಸರು ನೀವು ಓದಿರಬಹುದು. ಇಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ, ಮರಾಠಿಗೆ ಹಾದು, ಜಗಳಕ್ಕೆ ತಿರುಗಿದರೆ ಹಿಂದಿಯಲ್ಲಿ ಮುಗಿಯುತ್ತೆ. ನಾನು ಹೋಗಿದ್ದು ಡಿಸೆಂಬರಿನಲ್ಲಿ. ರಸ್ತೆಯ ಎರಡೂ ಕಡೆ ಕಪ್ಪು ನೆಲ, ಅದರ ಮೇಲೆ ಕಾಯಿ ಬಲಿತ ತೊಗರಿ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಇದೇ ಕಲಬುರಗಿ ತೊಗರಿಬೇಳೆಗೆ.

ಹೋಗಿದ್ದು ನಮ್ಮ ಮಾಮಾನ ಸಲುವಾಗಿ, ಅಂದರೆ ಅವ್ವನ ಅಣ್ಣ. ಶಾಲೆ ಮಾಸ್ತರರಾಗಿದ್ದವರು. ದಿನಾ ಬೆಳಿಗ್ಗೆ ದಾಡಿ ಮಾಡಿಕೊಳ್ಳದೆ ಅಂಗಳಕ್ಕೂ ಕಾಲಿಟ್ಟವರಲ್ಲ. ಲಕ್ವಾ ಹೊಡೆದು ಬಲಗೈ ನಿಂತ ಮೇಲೆ ಅದು ತಪ್ಪಿತು. ಮುಖದ ಬಲಭಾಗ ಸ್ವಲ್ಪ ಜೋತುಬಿದ್ದಿದೆ, ಅಲ್ಲಿ ಸ್ಪರ್ಶವೂ ಕಡಿಮೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಮಾತ್ರೆ ನಡೆದಿದೆ. ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲಲ್ಲ. ಇಂಥವರಿಗೆ ಎಲೆಕ್ಟ್ರಿಕ್ ಶೇವರ್ ಒಳ್ಳೇದು ಅಂತಲೇ ಡಾಕ್ಟರು ಸಾಮಾನ್ಯವಾಗಿ ಹೇಳೋದು. ತಂದುಕೊಟ್ಟೆವು. "ಇದು ದಾಡಿ ಅಲ್ಲ, ಹುಲ್ಲ ಕೊಯ್ದಂಗ ಆಗ್ತದ" ಅಂತ ಪಕ್ಕಕ್ಕಿಟ್ಟರು. ಎರಡು ವಾರದ ಗಡ್ಡ ಬಂತು ಅಂದರೆ ಕಟ್ಟೆಗೆ ಹೋಗೋದೇ ಬಿಡೋರು. "ಹಿಂಗ ಮಾರಿ ಇಟಗೊಂಡು ಎಲ್ಲಿ ಹೋಗ್ಲಿ?" ಅನ್ನೋರು. ಕೊನೆಗೆ ಡಾಕ್ಟರನ್ನೇ ಕೇಳಿದೆವು. ಹೊಸ ಬ್ಲೇಡು, ಪೂರ್ತಿ ಮೆತ್ತಗಾದ ಗಡ್ಡ, ಅವಸರವಿಲ್ಲದ ಕೈ ಇದ್ದರೆ ಪರವಾಗಿಲ್ಲ ಅಂದರು.

ವಾರಕ್ಕೊಮ್ಮೆ ಊರಿನ ಕಾಕಾ ಒಬ್ಬರು ಮನೆಗೇ ಬಂದು ದಾಡಿ ಮಾಡುತ್ತಿದ್ದರು. ಅವರು ಮಗಳ ಬಾಣಂತನಕ್ಕೆ ಅಂತ ಒಂದು ತಿಂಗಳು ಪುಣೆಗೆ ಹೊರಟಿದ್ದರು. ಹೋಗೋಕೆ ಮುಂಚೆ ನನಗೆ ಕಲಿಸಿ ಹೋಗಬೇಕು ಅನ್ನೋದು ಮಾಮಾನ ಹುಕುಂ.

ಕಾಕಾ ಹಡಪದ ಸಮಾಜದವರು. ಈ ಸಮಾಜ ತನ್ನ ಮೂಲಪುರುಷ ಅಂತ ನೆನೆಯೋದು 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನವರನ್ನು. ಹಡಪ ಅಂದರೆ ಎಲೆಅಡಿಕೆ ಚೀಲ. ಆ ಕಲ್ಯಾಣ, ಅಂದರೆ ಇವತ್ತಿನ ಬಸವಕಲ್ಯಾಣ, ಆಳಂದದ ಈಶಾನ್ಯಕ್ಕೇ ಇದೆ. ಅಪ್ಪಣ್ಣನವರ ಪೀಠ ಇರೋದು ವಿಜಯಪುರ ಜಿಲ್ಲೆಯ ತಂಗಡಗಿಯಲ್ಲಿ. ಕಾಕಾನ ಪೆಟ್ಟಿಗೆಯ ಮುಚ್ಚಳದ ಒಳಗೂ ಅಪ್ಪಣ್ಣನವರ ಫೋಟೋ ಅಂಟಿಸಿತ್ತು.

ಕಾಕಾ ಆ ಪೆಟ್ಟಿಗೆ ತೆಗೆಯಲೇ ಇಲ್ಲ. ಮೊದಲು ಸಾಬೂನು ಹಚ್ಚಿ ಮಾಮಾನ ಮುಖ ತೊಳೆದರು. ಚರ್ಮದ ಜಿಡ್ಡು ಕೂದಲಿಗೆ ಮೆತ್ತಿಕೊಂಡಿದ್ದರೆ ನೀರು ಒಳಗೆ ಇಳಿಯೋದು ತಡ. ಆಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ತಮ್ಮ ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ ನೋಡಿ, ನಂತರ ಮಾಮಾನ ಗಲ್ಲದ ಮೇಲಿಟ್ಟರು. ಬಲಗೆನ್ನೆಗೆ ಬಿಸಿ ತಿಳಿಯೋದಿಲ್ಲವಲ್ಲ, ಅಲ್ಲಿ ಸುಟ್ಟರೂ ಮಾಮಾ ಹೇಳಲಾರರು. ನಾನು ಫೋನಿನಲ್ಲಿ ಟೈಮ್ ನೋಡ್ತಿದ್ದೆ. ಒಂದು ನಿಮಿಷಕ್ಕೆ "ಸಾಕೇನ್ರಿ ಕಾಕಾ?" ಅಂದೆ.

"ಅವಸರ ಮಾಡಬ್ಯಾಡ ತಮ್ಮಾ. ಕೂದಲಕ್ಕ ನೀರ ಕುಡಿಲಾಕ ಬಿಡು."

ಇದು ಬರೀ ಹಿರಿಯರ ಮಾತಲ್ಲ. ಕೂದಲು ಅಂದರೆ ಕೆರಾಟಿನ್ ಅನ್ನೋ ಪ್ರೋಟೀನು. ಅದು ತನ್ನ ತೂಕದ ಸುಮಾರು 30% ನೀರು ಹೀರುತ್ತೆ, ಉಬ್ಬಿ ಸುಮಾರು 15% ದಪ್ಪಗಾಗುತ್ತೆ, ಒಳಗಿನ ಬಂಧಗಳು ಸಡಿಲವಾಗಿ ಕತ್ತರಿಸೋಕೆ ಸಲೀಸಾಗುತ್ತೆ. ಇದರ ಬಹುಪಾಲು ನಡೆಯೋದು ಮೊದಲ ಎರಡು ಮೂರು ನಿಮಿಷದಲ್ಲಿ, ಬೆಚ್ಚಗಿನ ನೀರಾದರೆ ಇನ್ನೂ ಬೇಗ. ಅದಾದ ಮೇಲೆ ಎಷ್ಟು ಹೊತ್ತು ನೆನೆಸಿದರೂ ಹೆಚ್ಚಿನ ಲಾಭ ಇಲ್ಲ. ಅರ್ಧ ಗಂಟೆ ಪಕ್ಷದವರು ಇದನ್ನು ಗಮನಿಸಬೇಕು. ಎಣ್ಣೆ ಒಣಚರ್ಮದವರಿಗೆ ಹಿತ ಅನ್ನಿಸಬಹುದು, ಆದರೆ ಗಡ್ಡ ಮೆತ್ತಗೆ ಮಾಡೋದು ನೀರೇ.

ಇನ್ನೊಂದು ಸೋಜಿಗ ಇದೆ. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಬ್ಲೇಡು ಯಾಕೆ ಮೊಂಡಾಗುತ್ತೆ? ಅಮೆರಿಕದ ಎಂಐಟಿಯ ಸಂಶೋಧಕರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇದನ್ನೇ ನೋಡಿ 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಕೂದಲು ನೆಟ್ಟಗೆ ನಿಲ್ಲದೆ ಪಕ್ಕಕ್ಕೆ ಬಾಗಿದಾಗ, ಉಕ್ಕಿನ ರಚನೆ ಎಲ್ಲಿ ಒಂದೇ ಸಮ ಇರೋದಿಲ್ಲವೋ ಅಲ್ಲಿ ಅಂಚಿನಿಂದ ಸಣ್ಣ ಚೂರು ಎದ್ದುಹೋಗುತ್ತಂತೆ. ಅಂಚು ಮುಕ್ಕಾದ ಬ್ಲೇಡು ಕೂದಲನ್ನು ಕತ್ತರಿಸೋದಕ್ಕಿಂತ ಎಳೆಯೋದೇ ಜಾಸ್ತಿ. ಅದಕ್ಕೇ ಕಾಕಾ ಬ್ಲೇಡು ಎಳೆಯೋಕೆ ಮುಂಚೆ ಎರಡು ಬೆರಳಿನಿಂದ ಚರ್ಮ ಬಿಗಿ ಹಿಡಿಯುತ್ತಿದ್ದರು. ಮಾಮಾನ ಜೋತುಬಿದ್ದ ಗೆನ್ನೆಗಂತೂ ಇದು ಬೇಕೇ ಬೇಕು. ಅವರಿಗೆ ತಾವಾಗಿ ಗೆನ್ನೆ ಉಬ್ಬಿಸೋಕೆ ಆಗಲ್ಲ.

ಇನ್ನು ನೀರಿನ ವಿಷಯ. ಇಲ್ಲಿ ಮನೆಯ ಬೋರ್ ನೀರು ಗಡಸು. ಸಾಬೂನು ಉಜ್ಜಿದರೆ ನೊರೆ ಬರೋ ಬದಲು ಮೊಸರೊಡೆದ ಹಾಗೆ ಬಿಳಿ ಕೆನೆ ತೇಲುತ್ತೆ. ಬಸಾಲ್ಟ್ ಬಂಡೆಯಿಂದ ಕರಗಿ ಬಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಮಾಡೋ ಕೆಲಸ ಅದು. ಕುಡಿಯೋ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತೆ. ಕಾಕಾನ ಉಪಾಯ ಸರಳ: ಮುಖ ನೆನೆಸೋಕೆ ಬೋರ್ ನೀರು, ನೊರೆ ಎಬ್ಬಿಸೋಕೆ ಮಾತ್ರ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು. ಅರ್ಧ ಲೋಟ ಸಾಕು. ಅದು ಇಲ್ಲದಿದ್ದರೆ ಬೋರ್ ನೀರನ್ನೇ ಕುದಿಸಿ, ಬಿಳಿ ಪುಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ತಗೊಳ್ಳೋದು. ಗಡಸುತನದ ಒಂದು ಭಾಗ ಅಲ್ಲೇ ಇಳಿಯುತ್ತೆ. ಬೆಂಗಳೂರಿನಲ್ಲಿ ಬೋರ್ ನೀರಿನ ಅಪಾರ್ಟ್‌ಮೆಂಟಿನಲ್ಲಿರೋರು ಇದನ್ನು ಮಾಡಿ ನೋಡಬಹುದು.

ಟವೆಲಿಗೆ ಮೂರು ನಿಮಿಷ, ಬ್ರಷ್ಷಿನಿಂದ ಸುತ್ತಿ ಸುತ್ತಿ ನೊರೆ ಹಚ್ಚೋಕೆ ಒಂದು ನಿಮಿಷ. ಆಮೇಲೇ ಕಾಕಾ ಹೊಸ ಬ್ಲೇಡಿನ ಕಾಗದ ಬಿಚ್ಚಿದ್ದು. ಕೂದಲು ಬೆಳೆದ ದಿಕ್ಕಿಗೇ ಎಳೆದರು. ನುಣುಪಿನ ಆಸೆಗೆ ಉಲ್ಟಾ ಎಳೆಯಬಾರದು ಅಂದರು, ಗಾಯ ಆಗೋದು ಹೆಚ್ಚಾಗಿ ಅಲ್ಲೇ. ಮುಗಿದ ಮೇಲೆ ತಣ್ಣೀರು, ಆಮೇಲೆ ಪಟಿಕ. ಗಡಿಯಾಚೆ ಮರಾಠಿಯವರು ತುರಟಿ ಅನ್ನೋದು ಇದಕ್ಕೇ. ಸಣ್ಣ ಗೀರಿನ ರಕ್ತವನ್ನು ಹಿಡಿದು ನಿಲ್ಲಿಸುತ್ತೆ. ಆದರೆ ಒಬ್ಬರ ಪಟಿಕ ಇನ್ನೊಬ್ಬರಿಗೆ ಬೇಡ, ಬ್ಲೇಡಂತೂ ಬೇಡವೇ ಬೇಡ. ಮಾಮಾನಿಗೆ ಅಂತಲೇ ಕಾಕಾ ಬೇರೆ ಗಟ್ಟಿ ಇಟ್ಟಿದ್ದರು.

ನಾಲ್ಕು ದಿನ ಬಿಟ್ಟು ನನ್ನ ಸರದಿ. ನನ್ನ ಹತ್ತಿರ ಇದ್ದದ್ದು ಮಾಮೂಲಿ ಸೇಫ್ಟಿ ರೇಜರ್. ಒಟ್ಟು ಹದಿನೆಂಟು ನಿಮಿಷ ಹಿಡಿಯಿತು, ಗಂಟಲ ಹತ್ತಿರ ಬಂದಾಗ ಉಸಿರು ಬಿಗಿಹಿಡಿದಿದ್ದೆ. ಒಂದು ಹನಿ ರಕ್ತವೂ ಬರಲಿಲ್ಲ. ಮಾಮಾ ಎಡಗೈಯಿಂದ ದವಡೆ ಸವರಿ ನೋಡಿ, "ಇಲ್ಲಿ ನಾಕು ಉಳದಾವ ನೋಡು" ಅಂದರು. ಮಾಸ್ತರರು ಮಾರ್ಕ್ಸ್ ಕಟ್ ಮಾಡೋದು ಬಿಟ್ಟಾರೆಯೇ! ಆದರೆ ಅವತ್ತು ಸಂಜೆ ತಾವೇ ಟೋಪಿ ಕೇಳಿ ಹಾಕಿಕೊಂಡು, ನನ್ನ ಹೆಗಲು ಹಿಡಿದು ಕಟ್ಟೆ ತನಕ ನಡೆದರು.

ಇಷ್ಟಕ್ಕೂ ಲೆಕ್ಕ ಏನು ಅಂದರೆ: ಸ್ನಾನ ಆದ ಕೂಡಲೇ ದಾಡಿ ಮಾಡಿಕೊಳ್ಳೋರಿಗೆ ಬೇರೆ ತಯಾರಿ ಬೇಡ, ಗಡ್ಡ ಆಗಲೇ ನೀರು ಕುಡಿದಿರುತ್ತೆ. ಇಲ್ಲದಿದ್ದರೆ ಬೆಚ್ಚಗಿನ ನೀರಿನ ಎರಡು ಮೂರು ನಿಮಿಷ, ಒಳ್ಳೆ ನೊರೆಯ ಒಂದು ನಿಮಿಷ. ವಾರದ ಗಡ್ಡವಾದರೆ ಮೊದಲು ಕತ್ತರಿಯಿಂದ ಗಿಡ್ಡ ಮಾಡಿ. ಮಿಕ್ಕಿದ್ದು ನಿಮ್ಮ ಖುಷಿ, ನಿಮ್ಮ ದುಡ್ಡು.

ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಕೈ ನಡುಗೋ ಹಿರಿಯರಿದ್ದರೆ, ಡಾಕ್ಟರನ್ನೊಂದು ಮಾತು ಕೇಳಿ, "ದಾಡಿ ಮಾಡ್ಲೇನ್ರಿ?" ಅಂತ ಅವರನ್ನೂ ಕೇಳಿ ನೋಡಿ. ಬೇಡ ಅಂದರೂ ಇನ್ನೊಂದು ಸಲ ಕೇಳಿ.